ಮನೆ ಮುಂದೆ ಒಂದು ಮುರುಗಲು: ಗಿಡ ಆರಿಸುವುದರಿಂದ ಭರಣಿ ತುಂಬುವವರೆಗೆ

ಅಂಗಳದಲ್ಲಿ ಚೆಂದಕ್ಕೊಂದು ಮರ ಬೇಕು ಅಂತ ನರ್ಸರಿಗೆ ಹೋದರೆ ಕಂಬದಂಥ ಅಶೋಕ ತೋರಿಸುತ್ತಾರೆ, ಫೈಕಸ್ ತೋರಿಸುತ್ತಾರೆ, ಇಲ್ಲವೇ ಯಾವುದೋ ಪಾಮ್. ಹಸಿರೇನೋ ಇರುತ್ತದೆ, ಅಷ್ಟೇ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮನೆ ಇದ್ದವರು ಇದಕ್ಕೆಲ್ಲ ದುಡ್ಡು ಸುರಿಯುವುದನ್ನು ಕಂಡರೆ ನಾನು ಹೇಳುವುದು ಒಂದೇ ಮಾತು: ಮುರುಗಲು ನೆಡಿ. ದಕ್ಷಿಣ ಕನ್ನಡ, ಉಡುಪಿ ಕಡೆಯವರ ಪುನರ್ಪುಳಿ. ಪೇಟೆಯವರಿಗೆ ಕೋಕಂ ಅಂದರೆ ಗೊತ್ತಾಗುತ್ತದೆ.

ಇದು ಪಶ್ಚಿಮ ಘಟ್ಟದ್ದೇ ಮರ. ಉಪ್ಪಾಗೆಗೂ ಮ್ಯಾಂಗೊಸ್ಟೀನ್‌ಗೂ ದಾಯಾದಿ. ವರ್ಷವಿಡೀ ಬೋಳಾಗುವುದಿಲ್ಲ. ಬುಡದ ಕಡೆ ಅಗಲ, ತುದಿ ಚೂಪು, ಕೊಂಬೆಗಳು ಕೆಳಕ್ಕೆ ಬಾಗಿ ಜೋತುಬಿದ್ದಿರುತ್ತವೆ. ಯಾರೂ ಕತ್ತರಿ ಹಿಡಿಯದೇ ಹೋದರೂ ತಾನಾಗಿ ಗೋಪುರದ ಆಕಾರಕ್ಕೆ ಬರುತ್ತದೆ. ಬಲಿತ ಎಲೆ ಕಡುಹಸಿರು, ಮೇಲೆ ಹೊಳಪು. ಚಿಗುರು ಮಾತ್ರ ಕೆಂಪು. ಹೊಸ ಚಿಗುರು ಬಂದ ವಾರ ಮರ ನೋಡಿದರೆ ಹೂ ಬಿಟ್ಟಿದೆ ಅಂತಲೇ ಅನಿಸಬೇಕು. ಮಾರ್ಚ್ ದಾಟಿದ ಮೇಲೆ ಅದೇ ಹಸಿರಿನ ಮಧ್ಯೆ ಸಣ್ಣ ನಿಂಬೆ ಗಾತ್ರದ ಹಣ್ಣು, ಮೊದಲು ಹಸಿರು, ಆಮೇಲೆ ಕೆಂಪು, ಕೊನೆಗೆ ಕಪ್ಪಿಗೆ ತಿರುಗಿದ ನೇರಳೆ ಬಣ್ಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಿಧಾನದ ಮರ. ಮುಂದಿನ ವರ್ಷ ಗೃಹಪ್ರವೇಶದ ಫೋಟೋಗೆ ಹಿಂದೆ ಹಸಿರು ಬೇಕು ಅನ್ನುವವರಿಗೆ ಆಗುವುದಿಲ್ಲ. ಕಾಯುವ ತಾಳ್ಮೆ ಇದ್ದವರಿಗೆ ಇಷ್ಟು ಕಡಿಮೆ ಕೆಲಸ ಕೊಡುವ ಹಣ್ಣಿನ ಮರ ಇನ್ನೊಂದಿಲ್ಲ. ಗೊಬ್ಬರ ತಪ್ಪಿದರೆ ಸುಧಾರಿಸಿಕೊಳ್ಳುತ್ತದೆ, ಒಂದೆರಡು ವಾರ ನೀರು ತಪ್ಪಿದರೂ ಬೆಳೆದ ಮರ ತಡೆದುಕೊಳ್ಳುತ್ತದೆ. ಸುಧಾರಿಸಿಕೊಳ್ಳದೇ ಇರುವುದು ಗಿಡ ಕೊಳ್ಳುವ ದಿನದ ಆಯ್ಕೆ ಒಂದೇ. ಅದಕ್ಕೇ ಈ ಲೇಖನದಲ್ಲಿ ಆ ಭಾಗ ಜಾಸ್ತಿ ಉದ್ದ ಇದೆ.

ನಿಮ್ಮ ಊರಿಗೆ ಆಗುತ್ತದಾ?

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದ ಸಾಗರ–ಹೊಸನಗರ–ತೀರ್ಥಹಳ್ಳಿ, ಕೊಡಗು, ಚಿಕ್ಕಮಗಳೂರಿನ ಮಳೆ ಬೀಳುವ ಭಾಗ, ಇಲ್ಲೆಲ್ಲ ಯೋಚನೆ ಮಾಡುವ ಹಾಗೇ ಇಲ್ಲ. ಈ ಮರಕ್ಕೆ ಬೇಕಾಗುವುದು ಸೆಕೆ, ತೇವದ ಗಾಳಿ, ಒಳ್ಳೆ ಮಳೆ. ಎಷ್ಟೇ ಮಳೆ ಬಂದರೂ ನೀರು ಬಸಿದು ಹೋಗುವ ಮಣ್ಣು ಇದ್ದರೆ ಸಾಕು. ಕೆಂಪು ಜಂಬಿಟ್ಟಿಗೆ ಮಣ್ಣು ಅದಕ್ಕೆ ತವರುಮನೆ.

ಬೆಂಗಳೂರು, ಮೈಸೂರಿನಲ್ಲಿ ಬದುಕುತ್ತದೆ, ಬೆಳವಣಿಗೆ ಇನ್ನೂ ನಿಧಾನ. ಬೇಸಿಗೆಯಲ್ಲಿ ನೀರು ಕೊಡಬೇಕು, ಮಧ್ಯಾಹ್ನದ ಮೇಲಿನ ಬಿಸಿಲಿಗೆ ಸ್ವಲ್ಪ ಮರೆ ಬೇಕು. ಹಣ್ಣಿನ ಆಸೆ ಕಡಿಮೆ ಇಟ್ಟುಕೊಂಡು ಎಲೆ, ಆಕಾರಕ್ಕಾಗಿ ನೆಡುವುದಾದರೆ ಸರಿ. ರಾಯಚೂರು, ಕಲಬುರಗಿ, ವಿಜಯಪುರದ ಒಣ ಗಾಳಿ, ಕಪ್ಪು ಎರೆ ಮಣ್ಣು ಇದಕ್ಕೆ ಆಗುವುದಿಲ್ಲ. ಅಲ್ಲಿ ಹುಣಸೆ ಇದೆ, ನೇರಳೆ ಇದೆ, ಸುಮ್ನೆ ಮುರುಗಲಿಗೆ ಹಟ ಮಾಡಬೇಡಿ.

ಗಂಡೋ ಹೆಣ್ಣೋ, ಇದೇ ದೊಡ್ಡ ಪ್ರಶ್ನೆ

ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಪಪ್ಪಾಯಿಯಲ್ಲಿ, ಜಾಯಿಕಾಯಿಯಲ್ಲಿ ನೋಡಿದ್ದೀರಲ್ಲ, ಹಾಗೆ. ಎರಡೂ ಹೂ ಒಂದೇ ಮರದಲ್ಲಿ ಬಿಡುವ ಮರಗಳೂ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ, ಅದನ್ನು ನಂಬಿಕೊಂಡು ನೆಡಲಾಗದು.

ಬೀಜದಿಂದ ಎದ್ದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಎಲೆ ನೋಡಿ, ಕಾಂಡ ನೋಡಿ ಯಾವುದು ಗಂಡು ಅಂತ ಹೇಳಲಾಗದು. ಗೊತ್ತಾಗಬೇಕಾದರೆ ಹೂ ಬಿಡಬೇಕು, ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ಬೇಕು. ಅಷ್ಟು ವರ್ಷ ನೀರು ಹೊಯ್ದು, ದನಕ್ಕೆ ಬೇಲಿ ಕಟ್ಟಿ, ಕೊನೆಗೆ ಗಂಡು ಅಂತ ಗೊತ್ತಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಬರೀ ಅಂದಕ್ಕಾದರೆ ಗಂಡೂ ಅಷ್ಟೇ ಚೆಂದ ಇರುತ್ತದೆ, ಹಣ್ಣು ಬಿದ್ದು ಅಂಗಳ ಕಲೆಯಾಗುವ ರಗಳೆಯೂ ಇಲ್ಲ. ಆದರೆ ಮುರುಗಲು ನೆಡುವ ಬಹಳಷ್ಟು ಜನರಿಗೆ ಹಣ್ಣು ಬೇಕೇ ಬೇಕು.

ಹಾಗಾಗಿ ಕಸಿ ಗಿಡ ತನ್ನಿ. ಹಣ್ಣು ಬಿಡುತ್ತಿರುವ ಹೆಣ್ಣು ಮರದ ಕುಡಿಯನ್ನು ತಂದು, ಬೀಜದ ಸಸಿಯ ಮೇಲೆ ಕೂರಿಸಿ ಮಾಡಿದ ಗಿಡ ಅದು. ಹೆಣ್ಣೇ ಆಗಿರುತ್ತದೆ, ನಾಲ್ಕೈದು ವರ್ಷಕ್ಕೆ ಹಣ್ಣು ತೋರಿಸುತ್ತದೆ. ತಳಿ ಹೆಸರು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಕೊಂಕಣ್ ಅಮೃತಾ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲಿ ಬಿಡುಗಡೆ ಮಾಡಿದ ತಳಿ ಇದು, ಸಿಪ್ಪೆ ದಪ್ಪ, ಮಳೆಗೆ ಮೊದಲೇ ಕೊಯ್ಲಿಗೆ ಬರುತ್ತದೆ. ಅಲ್ಲಿಯದೇ ಕೊಂಕಣ್ ಹಾತಿಸ್ ಅಂತ ಇನ್ನೊಂದಿದೆ, ಅದರ ಹಣ್ಣು ಬಹಳ ದೊಡ್ಡದು. ಆದರೆ ನಿಮ್ಮೂರಿನ ಯಾರದೋ ಬೆಟ್ಟದಲ್ಲಿ ಪ್ರತಿವರ್ಷ ಚೆನ್ನಾಗಿ ಬಿಡುವ, ಮೇ ಮಧ್ಯದ ಒಳಗೆ ಹಣ್ಣು ಮುಗಿಸುವ ಮರ ಇದ್ದರೆ, ಅದರ ಕುಡಿಯಿಂದ ಕಸಿ ಮಾಡಿಸಿಕೊಳ್ಳುವುದು ಇವೆರಡಕ್ಕಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಮ್ಮ ಮಳೆಗೆ, ನಮ್ಮ ಮಣ್ಣಿಗೆ ಒಗ್ಗಿದೆ ಅಂತ ಆ ಮರ ಆಗಲೇ ತೋರಿಸಿಯಾಗಿದೆ. ತಡವಾಗಿ ಹಣ್ಣಾಗುವ ಮರ ಮಾತ್ರ ಬೇಡ. ಮಳೆ ಹಿಡಿದ ಮೇಲೆ ಹಣ್ಣು ಕೊಳೆಯುತ್ತದೆ, ಸಿಪ್ಪೆ ಒಣಗುವುದಿಲ್ಲ.

ಕಸಿ ಗಿಡದಲ್ಲಿ ಏನು ನೋಡಬೇಕು

ಈ ವಿಷಯ ಗಿಡ ಮಾರುವವರು ತಾವಾಗಿ ಹೇಳುವುದು ಅಪರೂಪ. ಮುರುಗಲಿನ ಮರದಲ್ಲಿ ಎರಡು ಬಗೆಯ ಕುಡಿ ಇರುತ್ತವೆ. ನೇರ ಮೇಲಕ್ಕೆ ಹೋಗುವ ನೆಟ್ಟನೆಯ ಕುಡಿ ಒಂದು, ಪಕ್ಕಕ್ಕೆ ಚಾಚುವ ಅಡ್ಡ ಕೊಂಬೆಯ ಕುಡಿ ಇನ್ನೊಂದು. ನೆಟ್ಟನೆಯ ಕುಡಿಯಿಂದ ಮಾಡಿದ ಕಸಿ ನೇರ ಬೆಳೆದು ಗೋಪುರದ ಆಕಾರಕ್ಕೆ ಬರುತ್ತದೆ. ಅಡ್ಡ ಕೊಂಬೆಯಿಂದ ಮಾಡಿದ್ದು ಕಸಿಯಾದ ಮೇಲೂ ಅಡ್ಡಡ್ಡವೇ ಬೆಳೆಯುತ್ತದೆ, ನೆಲಕ್ಕೆ ಹರಡಿಕೊಂಡ ಪೊದೆಯಾಗುತ್ತದೆ. ಎರಡರಲ್ಲೂ ಹಣ್ಣು ಬರುತ್ತದೆ. ಆದರೆ ಮನೆ ಮುಂದೆ ಆಕಾರಕ್ಕೆ ಅಂತ ನೆಡುವವರಿಗೆ ಎರಡನೆಯದು ಸಿಕ್ಕಿದರೆ ಎಷ್ಟು ಕೋಲು ಕಟ್ಟಿದರೂ ಅದು ನೆಟ್ಟಗಾಗುವುದಿಲ್ಲ. ನೆಟ್ಟನೆಯ ಕುಡಿಗಳು ಒಂದು ಮರದಲ್ಲಿ ಸಿಗುವುದೇ ಕೆಲವು, ಅಡ್ಡ ಕೊಂಬೆ ಬೇಕಾದಷ್ಟು. ಹಾಗಾಗಿ ಪೇಟೆಯಲ್ಲಿ ಯಾವುದು ಜಾಸ್ತಿ ಸಿಗುತ್ತದೆ ಅಂತ ನೀವೇ ಊಹಿಸಬಹುದು.

ನೋಡುವುದು ಸುಲಭ. ಕಸಿ ಕಟ್ಟಿದ ಗಂಟಿನ ಮೇಲಿನ ಭಾಗ ನೋಡಿ. ನಡುವೆ ಒಂದೇ ಕಾಂಡ ಮೇಲಕ್ಕೆ ಹೋಗಿ, ಸುತ್ತ ಎದುರುಬದುರಾಗಿ ರೆಂಬೆಗಳು ಬಂದಿದ್ದರೆ ನೆಟ್ಟನೆಯ ಕುಡಿಯದು. ಇಡೀ ಕುಡಿಯೇ ಒಂದು ಬದಿಗೆ ಬಾಗಿ, ಎಲೆಗಳೆಲ್ಲ ಬೀಸಣಿಗೆಯ ಹಾಗೆ ಒಂದೇ ಮಟ್ಟದಲ್ಲಿ ಹರಡಿದ್ದರೆ ಅಡ್ಡ ಕೊಂಬೆಯದು. ತೀರಾ ಚಿಕ್ಕ ಗಿಡದಲ್ಲಿ ಗೊತ್ತಾಗದು, ಒಂದೆರಡು ಹಂತ ಚಿಗುರು ಬಂದ ಗಿಡ ಕೇಳಿ.

ಟೆರೇಸಿನಲ್ಲಿ ಡ್ರಮ್ಮಿನಲ್ಲಿ ಬೆಳೆಸುವವರಿಗೆ ಲೆಕ್ಕ ಉಲ್ಟಾ. ಅವರಿಗೆ ಆ ಹರಡುವ ಗಿಡವೇ ಒಳ್ಳೆಯದು. ಗಿಡ್ಡ ಇರುತ್ತದೆ, ಗಾಳಿಗೆ ಬೀಳದು, ಕೈಗೇ ಹಣ್ಣು ಸಿಗುತ್ತದೆ. ದೊಡ್ಡ ಡ್ರಮ್ಮೇ ಬೇಕು, ಕೆಳಗೆ ನೀರು ಹೋಗುವ ತೂತು ಚೆನ್ನಾಗಿರಬೇಕು. ಹಣ್ಣು ನಾಲ್ಕು ಬಟ್ಟಲು ಸಾರಿಗಾಗುವಷ್ಟು ಬಂದರೆ ಖುಷಿಪಡಿ.

ಇನ್ನು ಕೆಲವು ಸಣ್ಣ ವಿಷಯ. ಕಸಿ ಗಂಟು ಪೂರ್ತಿ ಕೂಡಿರಬೇಕು, ಬೆರಳಿನಿಂದ ಮೆಲ್ಲಗೆ ಬಾಗಿಸಿದರೆ ಅಲ್ಲಿ ಬಿರುಕು ಕಾಣಬಾರದು. ಪ್ಲಾಸ್ಟಿಕ್ ಪಟ್ಟಿ ಕಾಂಡಕ್ಕೆ ಕಚ್ಚಿಕೊಂಡಿರಬಾರದು. ತೊಟ್ಟೆಯ (ಗಿಡ ಇರುವ ಪ್ಲಾಸ್ಟಿಕ್ ಚೀಲದ) ಅಡಿಯಲ್ಲಿ ಬೇರು ಸುತ್ತಿ ಸುತ್ತಿ ಹಗ್ಗ ಆಗಿರುವ ಹಳೆ ಗಿಡ ಬೇಡ; ಈ ಮರದ ತಾಯಿಬೇರು ಆಳಕ್ಕೆ ಹೋಗುವಂಥದ್ದು, ಸುತ್ತಿಕೊಂಡರೆ ಮತ್ತೆ ನೆಟ್ಟಗಾಗುವುದು ಕಷ್ಟ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ದರಕ್ಕೆ ಸಿಗುವವು ಸಾಮಾನ್ಯವಾಗಿ ಬೀಜದ ಸಸಿಗಳು. ಬೇಲಿ ಸಾಲಿಗೆ, ಬೆಟ್ಟಕ್ಕೆ ಅವು ಒಳ್ಳೆಯವು. ಮನೆ ಮುಂದಿನ ಒಂದೇ ಗಿಡಕ್ಕೆ ಕಸಿಯೇ ಇರಲಿ.

ಹೆಣ್ಣು ಒಂದೇ ನೆಟ್ಟರೆ ಪರಾಗಕ್ಕೆ ಗಂಡು ಬೇಡವಾ? ಬೇಕು. ಬೆಟ್ಟ, ಕಾಡು, ಪಕ್ಕದವರ ತೋಟದಲ್ಲಿ ಮುರುಗಲು ಇರುವ ಊರಾದರೆ ತಲೆ ಬಿಸಿ ಬೇಡ. ಸುತ್ತಮುತ್ತ ಒಂದೂ ಇಲ್ಲದ ಕಡೆ ಎರಡು ಉಪಾಯ: ಮೂಲೆಯಲ್ಲಿ ಒಂದು ಗಂಡು ಗಿಡ ನೆಡುವುದು, ಇಲ್ಲವೇ ಹೆಣ್ಣು ಮರ ಸ್ವಲ್ಪ ದೊಡ್ಡದಾದ ಮೇಲೆ ಅದರ ಒಂದು ರೆಂಬೆಗೆ ಗಂಡಿನ ಕುಡಿಯನ್ನು ಕಸಿ ಕಟ್ಟಿಸುವುದು. ಜಾಗ ಕಡಿಮೆ ಇರುವವರಿಗೆ ಎರಡನೆಯದು ಹೇಳಿ ಮಾಡಿಸಿದ ಹಾಗಿದೆ. ತೋಟದ ಲೆಕ್ಕದಲ್ಲಿ ಹತ್ತು ಹೆಣ್ಣಿಗೆ ಒಂದು ಗಂಡು ಸಾಕು.

ಬೀಜದಿಂದಲೇ ಮಾಡುತ್ತೇನೆ ಅನ್ನುವವರಿಗೆ

ಮಾಡಿ, ತಪ್ಪಿಲ್ಲ. ಬೇಲಿಗೆ ಸಾಲು ಬೇಕಾದರೆ ಅದೇ ಸರಿ. ಮುಖ್ಯ ವಿಷಯ, ಈ ಬೀಜ ಇಟ್ಟು ಬಿತ್ತುವಂಥದ್ದಲ್ಲ. ಒಣಗಿದರೆ ಸತ್ತಂತೆ. ಮೇ ತಿಂಗಳಲ್ಲಿ ಒಳ್ಳೆ ಮರದ ಚೆನ್ನಾಗಿ ಹಣ್ಣಾದ ಹಣ್ಣು ಬಿಡಿಸಿ, ಬೀಜಕ್ಕೆ ಬೂದಿ ಹಚ್ಚಿ ತಿಕ್ಕಿ ಲೋಳೆ ತೆಗೆಯಿರಿ, ತೊಳೆದು ನೆರಳಲ್ಲಿ ಒಂದೆರಡು ದಿನ ಆರಿಸಿ, ಕೂಡಲೇ ಬಿತ್ತಿ. ಉದ್ದನೆಯ ತೊಟ್ಟೆಯೇ ಬೇಕು, ಬೇರು ಬೇಗ ಕೆಳಗಿಳಿಯುತ್ತದೆ. ಕೆಂಪು ಮಣ್ಣು, ಮರಳು, ಹುಡಿಯಾದ ಕೊಟ್ಟಿಗೆ ಗೊಬ್ಬರ ಸಮ ಸಮ. ಒಂದು ಇಂಚು ಆಳ ಸಾಕು. ಮೊಳಕೆ ಬರಲು ಮೂರು ನಾಲ್ಕು ವಾರ, ಕೆಲವಕ್ಕೆ ಇನ್ನೂ ಜಾಸ್ತಿ. ನೆರಳಲ್ಲಿ ಇಟ್ಟು ಮುಂದಿನ ಮಳೆಗಾಲಕ್ಕೆ ನೆಡಿ.

ಜಾಗ

ಮನೆ ಗೋಡೆಯಿಂದ ಕನಿಷ್ಠ 12 ಅಡಿ ದೂರ. ಆಲ, ಅತ್ತಿಯ ಹಾಗೆ ಅಡಿಪಾಯಕ್ಕೆ ಬೇರು ನುಗ್ಗಿಸುವ ಮರ ಅಲ್ಲ, ಆದರೆ ಕೊಂಬೆಗಳು ಎಲ್ಲ ಕಡೆಗೂ ಚಾಚಿ ಕೆಳಕ್ಕಿಳಿಯುತ್ತವೆ, ಗೋಡೆ ಹತ್ತಿರ ಇದ್ದರೆ ಒಂದು ಬದಿ ಬೋಳಾಗಿ ಚೆಂದ ಕೆಡುತ್ತದೆ. ಒಂದಕ್ಕಿಂತ ಹೆಚ್ಚು ನೆಡುವುದಾದರೆ ಮಧ್ಯೆ 20 ಅಡಿ. ಮರೆಗಾಗಿ ಬೇಲಿ ಸಾಲಾದರೆ 10–12 ಅಡಿಗೆ ಒಂದು ನೆಡಬಹುದು, ಆಗ ಹಣ್ಣು ಕಡಿಮೆ, ಹಸಿರು ಗೋಡೆ ಮಾತ್ರ ಗಟ್ಟಿ.

ಪೂರ್ತಿ ನೆರಳಲ್ಲೂ ಬದುಕುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ನೋಡಿರುತ್ತೀರಿ. ಆದರೆ ನೆರಳಲ್ಲಿ ಉದ್ದ ಆಗುತ್ತದೆ, ತೆಳ್ಳಗಾಗುತ್ತದೆ, ಹಣ್ಣು ಬಿಡಲು ಸೋಮಾರಿ. ದಿನಕ್ಕೆ ಅರ್ಧದಷ್ಟಾದರೂ ಬಿಸಿಲು ಬೀಳುವ ಜಾಗ ಒಳ್ಳೆಯದು.

ಕಾರು ನಿಲ್ಲಿಸುವ ಜಾಗದ ಮೇಲೆ ಬೇಡ, ಬಟ್ಟೆ ಒಣಗಿಸುವ ತಂತಿಯ ಹತ್ತಿರವೂ ಬೇಡ. ಬಿಳಿ ಟೈಲ್ಸ್ ಹಾಕಿದ ಅಂಗಳಕ್ಕಂತೂ ಬೇಡವೇ ಬೇಡ. ಹಣ್ಣು ಬಿದ್ದು ಒಡೆದರೆ ಕೆಂಪು ಕಲೆ, ಅದನ್ನು ತಿಕ್ಕುವವರು ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಗುಂಡಿ, ಮತ್ತು ನೆಡುವ ದಿನ

ಗುಂಡಿ ಮೇ ತಿಂಗಳಲ್ಲೇ ತೋಡಿಡಿ. ಎರಡು ಅಡಿ ಉದ್ದ, ಅಗಲ, ಆಳ. ಅಡಿಯಲ್ಲಿ ಕಲ್ಲು ಸಿಗುವ ಗಟ್ಟಿ ಜಾಗವಾದರೆ ಮೂರು ಅಡಿ ಮಾಡಿ, ಬೇರಿಗೆ ದಾರಿ ಸಿಗಬೇಕು. ಮೇಲ್ಮಣ್ಣು ಬೇರೆ ರಾಶಿ ಹಾಕಿಡಿ. ಬಿಸಿಲಿಗೆ ಗುಂಡಿ ಕಾದ ಮೇಲೆ ಮೇಲ್ಮಣ್ಣಿಗೆ ಒಂದು ಬುಟ್ಟಿ ಹಳೆ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಹಸಿ ಸೆಗಣಿ ಹಾಕಬೇಡಿ, ಗೆದ್ದಲು ಕರೆದ ಹಾಗೆ.

ಮೃಗಶಿರ ಮಳೆ ಹಿಡಿದು ನೆಲ ನೆನೆದ ಮೇಲೆ ನೆಡುವುದು ಸರಿ, ಆರಿದ್ರಾ ಆದರೂ ಅಡ್ಡಿಯಿಲ್ಲ. ಬೇರು ಒಂದಿಷ್ಟು ಹಿಡಿದುಕೊಂಡ ಮೇಲೆ ಜುಲೈನ ದೊಡ್ಡ ಮಳೆ ಬರಬೇಕು. ನೀರಾವರಿ ಇದ್ದವರು ಸೆಪ್ಟೆಂಬರ್‌ನಲ್ಲೂ ನೆಡಬಹುದು, ಬೆಂಗಳೂರಿನ ಕಡೆಗೆ ಅದೂ ಆಗುತ್ತದೆ.

ತೊಟ್ಟೆ ಸೀಳಿ ತೆಗೆಯಿರಿ, ಎಳೆಯಬೇಡಿ. ಮಣ್ಣಿನ ಹೆಂಟೆ ಒಡೆಯಬಾರದು. ತೊಟ್ಟೆಯಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ ನೆಡಿ, ಕಸಿ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ. ಮಳೆಗಾಲದಲ್ಲಿ ಬುಡದ ಸುತ್ತ ಪಾತಿ ಮಾಡಬಾರದು, ಬದಲಿಗೆ ಮಣ್ಣು ಏರಿಸಿ ದಿಬ್ಬ ಮಾಡಿ. ನಮ್ಮ ಮಳೆಯಲ್ಲಿ ಪಾತಿ ಅಂದರೆ ಕೆರೆ. ಒಂದು ಕೋಲು ನೆಟ್ಟು ಸಡಿಲವಾಗಿ ಬಾಳೆ ನಾರಿನಲ್ಲಿ ಕಟ್ಟಿ. ಪಾತಿ ಮಾಡುವುದು ನವೆಂಬರ್‌ನಲ್ಲಿ, ನೀರು ಕೊಡಲು ಶುರು ಮಾಡುವಾಗ.

ಆಮೇಲೆ ಮರೆಯದೆ ಮಾಡಬೇಕಾದ ಒಂದು ಕೆಲಸ: ಕಸಿ ಗಂಟಿನ ಕೆಳಗಿಂದ ಬರುವ ಚಿಗುರನ್ನು ಚಿವುಟುತ್ತಲೇ ಇರಬೇಕು. ಅದು ಬುಡದ ಬೀಜದ ಗಿಡದ್ದು. ಬಲು ಜೋರಾಗಿ ಬೆಳೆಯುತ್ತದೆ, ನೀವು ‘ಗಿಡ ಚೆನ್ನಾಗಿ ಬಂತು’ ಅಂತ ಸಂತೋಷಪಡುತ್ತಿರುವಾಗ ಮೇಲಿನ ಹೆಣ್ಣು ಕುಡಿ ಸೊರಗಿ ಹೋಗಿ, ಗಂಡೋ ಹೆಣ್ಣೋ ಗೊತ್ತಿಲ್ಲದ ಬುಡವೊಂದೇ ಮರವಾಗಿ ನಿಂತಿರುತ್ತದೆ. ಮೊದಲ ಎರಡು ವರ್ಷ ತಿಂಗಳಿಗೊಮ್ಮೆ ಬಗ್ಗಿ ನೋಡಿ.

ಮೊದಲ ಮೂರು ಬೇಸಿಗೆ

ಗಿಡ ಸಾಯುವುದಾದರೆ ಇಲ್ಲೇ. ಕಾಡಲ್ಲಿ ಈ ಸಸಿ ದೊಡ್ಡ ಮರಗಳ ನೆರಳಲ್ಲಿ ಎದ್ದೇಳುವಂಥದ್ದು, ಬಟಾಬಯಲಿನ ಮಾರ್ಚ್ ಬಿಸಿಲು ಅದಕ್ಕೆ ಗೊತ್ತಿಲ್ಲ. ಎಲೆ ಅಂಚು ಸುಟ್ಟು ಕಂದಾಗುತ್ತದೆ, ಕುಡಿ ಒಣಗುತ್ತದೆ. ಪಶ್ಚಿಮ ಮತ್ತು ದಕ್ಷಿಣದ ಕಡೆಗೆ ಅಡಿಕೆ ಸೋಗೆಯೋ ತೆಂಗಿನ ಮಡಲೋ ಕಟ್ಟಿ ಮರೆ ಮಾಡಿ. ಮೇಲಿಂದ ಪೂರ್ತಿ ಮುಚ್ಚುವುದು ಬೇಡ. ಪೇಟೆಯಲ್ಲಿ ನೆರಳು ಬಲೆ ಸಿಗುತ್ತದಲ್ಲ, ಅದೂ ಆಗುತ್ತದೆ. ಹತ್ತಿರದಲ್ಲಿ ಒಂದು ಬಾಳೆ ಇದ್ದರೆ ಇನ್ನೂ ಸುಲಭ.

ನೀರು ಡಿಸೆಂಬರ್‌ನಿಂದ ಮಳೆ ಬರುವವರೆಗೆ ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಕೊಡ. ಎರಡನೇ ವರ್ಷ ವಾರಕ್ಕೊಮ್ಮೆ ಎರಡು ಕೊಡ. ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಆಳಕ್ಕೆ ಇಳಿಯುವಷ್ಟು ಕೊಡುವುದು ಒಳ್ಳೆಯದು, ಇಲ್ಲದಿದ್ದರೆ ಬೇರು ಮೇಲೆಯೇ ಉಳಿಯುತ್ತದೆ. ಬುಡದ ಸುತ್ತ ದರಕು, ಸೊಪ್ಪು, ಅಡಿಕೆ ಸಿಪ್ಪೆ ಏನಾದರೂ ನಾಲ್ಕು ಇಂಚು ದಪ್ಪ ಹೊದಿಸಿ. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು ಹೊದಿಸಬೇಕು, ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ.

ಮೂರು ಬೇಸಿಗೆ ದಾಟಿದರೆ ಕರಾವಳಿ, ಮಲೆನಾಡಿನಲ್ಲಿ ಮರ ತನ್ನ ಪಾಡಿಗೆ ತಾನಿರುತ್ತದೆ.

ಗೊಬ್ಬರ

ಇಲ್ಲಿ ಬರೆಯಲು ಜಾಸ್ತಿ ಇಲ್ಲ. ವರ್ಷಕ್ಕೆ ಎರಡು ಸಲ, ಮಳೆ ಶುರುವಾದ ಮೇಲೆ ಒಮ್ಮೆ, ಮಳೆ ಇಳಿದ ಮೇಲೆ ಸೆಪ್ಟೆಂಬರ್ ಕೊನೆಗೆ ಒಮ್ಮೆ. ಚಿಕ್ಕ ಗಿಡಕ್ಕೆ ಅರ್ಧ ಬುಟ್ಟಿ, ಹಣ್ಣು ಬಿಡುವ ಮರಕ್ಕೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಜೊತೆಗೆ ಒಲೆ ಬೂದಿ ಇದ್ದರೆ ಒಂದು ಸೇರು. ಕೊಂಬೆಗಳ ತುದಿ ಎಲ್ಲಿವರೆಗೆ ಚಾಚಿದೆಯೋ ಆ ಸುತ್ತಿನಲ್ಲಿ ತೆಳ್ಳಗೆ ಕೆದಕಿ ಹಾಕಿ. ಕಾಂಡದ ಬುಡಕ್ಕೆ ಸುರಿದರೆ ಪ್ರಯೋಜನ ಇಲ್ಲ. ಯೂರಿಯಾ ಜಾಸ್ತಿ ಹಾಕಿ ಎಳೆದು ಬೆಳೆಸಲು ಹೋಗಬೇಡಿ, ಮೆತ್ತನೆಯ ಉದ್ದ ಕುಡಿ ಬಂದು ಆಕಾರ ಕೆಡುತ್ತದೆ.

ಸವರುವುದು

ಅಂದ ಬೇಕಾದವರು ಸುಮ್ನೆ ಬಿಡಿ. ಕತ್ತರಿ ಇಟ್ಟಷ್ಟೂ ಮುರುಗಲು ಕೆಡುತ್ತದೆ. ತುದಿಯ ಕುಡಿ ಮುರಿಯದ ಹಾಗೆ ನೋಡಿಕೊಳ್ಳಿ, ದನ ಕಡಿಯದ ಹಾಗೆ ಬೇಲಿ ಇರಲಿ. ಕೆಳಗಿನ ಕೊಂಬೆ ನೆಲ ಮುಟ್ಟುತ್ತಿದ್ದರೆ ಅದೇ ಅದರ ಲಕ್ಷಣ. ಮರದ ಕೆಳಗೆ ಕುರ್ಚಿ ಹಾಕಬೇಕು ಅನ್ನುವವರು ಮಾತ್ರ ಐದಾರು ವರ್ಷ ಆದ ಮೇಲೆ ಒಂದೊಂದೇ ಕೊಂಬೆ ತೆಗೆಯುತ್ತ ಬನ್ನಿ. ಎರಡು ತುದಿ ಹುಟ್ಟಿ ಪೈಪೋಟಿಗೆ ಬಿದ್ದರೆ ಒಂದನ್ನು ಎಳೆಯದರಲ್ಲೇ ತೆಗೆಯಿರಿ.

ಹಣ್ಣೇ ಮುಖ್ಯ ಅನ್ನುವವರು 12 ಅಡಿಗೆ ತುದಿ ಕಡಿದು ಗಿಡ್ಡ ಮಾಡಬಹುದು, ಇಲ್ಲದಿದ್ದರೆ ಮರ 30–40 ಅಡಿಗೆ ಹೋಗಿ ಮೇಲಿನ ಹಣ್ಣೆಲ್ಲ ಮಂಗಗಳ ಪಾಲು. ಇದನ್ನು ಮಳೆ ಮುಗಿದ ಮೇಲೆ ಒಣ ದಿನದಲ್ಲಿ ಮಾಡಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ್ದು; ಮಾಡುವ ರೀತಿ ಕೆಳಗಿದೆ) ಹಚ್ಚಿ.

ರೋಗ, ಕೀಟ

ತೊಂದರೆ ಕಡಿಮೆ. ಹೆಚ್ಚು ಮಳೆಯ ಜಾಗದಲ್ಲಿ ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ: ಕೊಂಬೆ ಕವಲೊಡೆಯುವ ಕಡೆ ತೊಗಟೆ ಮೇಲೆ ತೆಳು ಗುಲಾಬಿ ಬಣ್ಣದ ಬೂಷ್ಟು. ರಬ್ಬರ್ ಬೆಳೆಯುವವರಿಗೆ ಪರಿಚಯ ಇರುತ್ತದೆ. ಕೆಲವೇ ವಾರಗಳಲ್ಲಿ ಆ ಕೊಂಬೆಯ ಎಲೆ ಹಳದಿಯಾಗಿ ಒಣಗುತ್ತದೆ. ಬೂಷ್ಟಿಗಿಂತ ಒಂದು ಗೇಣು ಕೆಳಗೆ, ಒಳ್ಳೆ ಭಾಗ ಸಿಗುವಲ್ಲಿಗೆ ಕಡಿದು ಸುಟ್ಟುಬಿಡಿ, ಗಾಯಕ್ಕೆ ಮುಲಾಮು ಹಚ್ಚಿ. ಪ್ರತಿವರ್ಷ ಬರುತ್ತಿದ್ದರೆ ಅಡಿಕೆಗೆ ಹೊಡೆಯುವಾಗಲೇ ಶೇ. 1ರ ಬೋರ್ಡೋ ದ್ರಾವಣವನ್ನು ಇದಕ್ಕೂ ಹೊಡೆಸಿ.

ಮುಲಾಮು ಮನೆಯಲ್ಲೇ ಆಗುತ್ತದೆ. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು ಅರ್ಧ ಲೀಟರ್‌ನಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಆಮೇಲೆ ಒಟ್ಟಿಗೆ ಸುರಿದು ಕಲಕಿ. ಒಂದು ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ. ಚೂರಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತೇ ಮಾಡಿ ಅವತ್ತೇ ಹಚ್ಚಬೇಕು.

ಎಳೆ ಚಿಗುರಿಗೆ ಬಿಳಿ ಹಿಟ್ಟು ತಿಗಣೆ, ಎಲೆ ಕೊರೆಯುವ ಹುಳ ಬರಬಹುದು. ನೀರು ರಭಸವಾಗಿ ಹೊಡೆದರೆ ಅರ್ಧ ಹೋಗುತ್ತದೆ, ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು. ಬೆಳೆದ ಮರಕ್ಕೆ ಇದೂ ಬೇಡ.

ಹೂ ಬಂದಾಗ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೂವಿನ ಕಾಲ. ಬೀಜದ ಗಿಡ ಇದ್ದವರು ಈಗ ಹತ್ತಿರ ಹೋಗಿ ನೋಡಬೇಕು. ಎಲೆಯ ಕಂಕುಳಲ್ಲಿ ಗೊಂಚಲು ಗೊಂಚಲಾಗಿ ಹೂವು, ನಡುವೆ ಬರೀ ಕೇಸರಗಳ ಗುಪ್ಪೆ ಇದ್ದರೆ ಗಂಡು. ಒಂಟಿಯಾಗಿ ಅಥವಾ ಎರಡು ಮೂರು ಹೂವು, ನಡುವೆ ಪುಟ್ಟ ಹಸಿರು ಗುಂಡು ಇದ್ದರೆ ಹೆಣ್ಣು, ಆ ಗುಂಡೇ ಕಾಯಿ.

ಗಂಡು ಅಂತ ಗೊತ್ತಾಯಿತಾ? ಕಡಿದು ಒಲೆಗೆ ಹಾಕಬೇಡಿ. ನೆಲದಿಂದ ಮೂರು ಅಡಿಗೆ ಕಾಂಡ ಕಡಿದು, ಆಸರೆಗೆ ಕೆಳಗಿನ ಒಂದು ಕೊಂಬೆ ಉಳಿಸಿ, ಬಂದ ಚಿಗುರಿನಲ್ಲಿ ಗಟ್ಟಿಯಾದ ಎರಡು ಮೂರು ಬಿಟ್ಟು, ಅವುಗಳಿಗೆ ಹೆಣ್ಣಿನ ಕುಡಿ ಕಸಿ ಮಾಡಿಸಬಹುದು. ಬೇರು ಬಲಿತಿರುವುದರಿಂದ ಹೊಸ ಗಿಡಕ್ಕಿಂತ ಬೇಗ ಬೆಳೆಯುತ್ತದೆ. ಕಸಿ ಕಟ್ಟಿ ಅನುಭವ ಇರುವವರ ಕೈಯಲ್ಲೇ ಮಾಡಿಸಿ.

ಕೊಯ್ಲು, ಭರಣಿ

ಹಣ್ಣು ಒಟ್ಟಿಗೆ ಆಗುವುದಿಲ್ಲ. ಏಪ್ರಿಲ್‌ನಿಂದ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಕೆಂಪಾದದ್ದನ್ನು ಮಾತ್ರ ಬಿಡಿಸಿ. ಮೇಲಿನವಕ್ಕೆ ದೋಟಿಗೆ ಬಲೆ ಕಟ್ಟಿ, ಕೊಂಬೆ ಅಲ್ಲಾಡಿಸಿ ಬೀಳಿಸಿದರೆ ಹಣ್ಣು ಒಡೆಯುತ್ತದೆ. ಕೊಯ್ದದ್ದು ಒಂದು ವಾರದೊಳಗೆ ಬಳಸಬೇಕು.

ಪಾನಕದ ರಸಕ್ಕೆ: ಹಣ್ಣು ತೊಳೆದು ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಅಡ್ಡಕ್ಕೆ ಎರಡು ಹೋಳು ಮಾಡಿ, ಬೀಜ, ತಿರುಳು ಬೇರೆ ಪಾತ್ರೆಗೆ ತೆಗೆಯಿರಿ. ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಪದರ ಪದರವಾಗಿ ಇಡಿ. ಒಂದು ಕೆಜಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ. ಇದು ಜಾಸ್ತಿ ಅಂತ ಕಡಿಮೆ ಮಾಡಿದರೆ ಹುಳಿ ಬಂದು ನೊರೆ ಏಳುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ, ದಿನಾ ಮರದ ಸೌಟಿನಲ್ಲಿ ಒಮ್ಮೆ ತಿರುವಿ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ ಬಾಟಲಿಗೆ ತುಂಬಿ ಕತ್ತಲೆಯ ಕಪಾಟಿನಲ್ಲಿಡಿ, ಬೆಳಕಿಗೆ ಬಣ್ಣ ಮಾಸುತ್ತದೆ. ಕುಡಿಯುವಾಗ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಯಾವ ಹಂತದಲ್ಲೂ ಬೇಡ, ಈ ಹುಳಿ ಅದನ್ನು ತಿನ್ನುತ್ತದೆ.

ಸಾರಿಗೆ ಒಣಸಿಪ್ಪೆ ಬೇಕಾದರೆ ಬೀಜ ತೆಗೆದಿಟ್ಟ ಪಾತ್ರೆಯ ರಸಕ್ಕೆ ಉಪ್ಪು ಹಾಕಿ, ಸಿಪ್ಪೆಯನ್ನು ಅದರಲ್ಲಿ ಅದ್ದಿ ಒಣಗಿಸಿ, ಮರುದಿನ ಮತ್ತೆ ಅದ್ದಿ ಒಣಗಿಸಿ. ಮೂರು ನಾಲ್ಕು ಸಲ ಆದರೆ ಸಿಪ್ಪೆ ಕಪ್ಪಾಗಿ, ಬಾಗಿಸಿದರೆ ಮುರಿಯದಷ್ಟು ಮೆತ್ತಗಿರುತ್ತದೆ. ವರ್ಷ ದಾಟಿದರೂ ಕೆಡದು.

ಉಳಿದ ಬೀಜ ಎಸೆಯಬೇಡಿ. ತೊಳೆದು ಬಿಸಿಲಿಗೆ ಗಟ್ಟಿಯಾಗಿ ಒಣಗಿಸಿ, ಕುಟ್ಟಿ ಹೊರಸಿಪ್ಪೆ ತೆಗೆದು, ಒಳಗಿನ ಬಿಳಿ ತಿರುಳನ್ನು ನುಣ್ಣಗೆ ಮಾಡಿ ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಆರಿದ ಮೇಲೆ ಅದು ಹೆಪ್ಪುಗಟ್ಟುತ್ತದೆ. ಅದೇ ಮುರುಗಲ ತುಪ್ಪ. ತೆಗೆದು ಇನ್ನೊಮ್ಮೆ ಕಾಯಿಸಿ ನೀರಿನಂಶ ಹೋಗಿಸಿ, ಸಣ್ಣ ಬಟ್ಟಲಿಗೆ ಹೊಯ್ದು ಉಂಡೆ ಮಾಡಿಡಿ. ಇದು ಕರಗುವುದು 38–40 ಡಿಗ್ರಿಗೆ, ಹಾಗಾಗಿ ನಮ್ಮ ಬೇಸಿಗೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವಾಗ ಉಂಡೆಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ, ರಾತ್ರಿ ಕಾಲು ತೊಳೆದು ಒರೆಸಿದ ಮೇಲೆ ಉಜ್ಜಿ.